ಉಪ್ಪು ಕಮ್ಮಿಯಾದ ಮಜ್ಜಿಗೆ

"ಮೊದ್ಲು ನೀ ಕುಡಿ."

ಮಲ್ಲೇಶ್ ಮಜ್ಜಿಗೆಯ ಲೋಟವನ್ನು ಹೆಂಡತಿ ಶಾಂಭವಿಯ ಕಡೆಗೇ ತಳ್ಳಿದ. ಮದುವೆಯಾಗಿ ಮೂರು ವರ್ಷ... ತನ್ನ ಗಂಡನೇ ತನ್ನ ಕೈಯ ಮಜ್ಜಿಗೆಗೆ ಹೆದರುತ್ತಿದ್ದಾನೆ!

ಅರ್ಧ ಲೋಟ ಕುಡಿದು ತೋರಿಸಿದಳು. ಆದರೂ ಅವನು ಮುಟ್ಟಲಿಲ್ಲ. ಬ್ಯಾಗು ಹಿಡಿದು ಗಣಿಯ ಬಸ್ಸಿಗೆ ಹೊರಟೇಬಿಟ್ಟ.

ತಪ್ಪು ಅವಳದೇ, ಬಿಡಿ. ಆದರೆ ಆ ಹುಡುಗಿ ಎಷ್ಟು ಹೆದರಿದ್ದಳೆಂದು ಯಾರಿಗೆ ಗೊತ್ತು?

ಸಂಡೂರಿನ ಗಣಿಯಲ್ಲಿ ಮಲ್ಲೇಶ್ ಡಂಪರ್ ಲಾರಿ ಓಡಿಸುತ್ತಿದ್ದ. ಒಂದು ದಿನ ಗಾಡಿ ಜಾರಿ, ಹಿಂದಿನ ಗಾಲಿ ಪ್ರಪಾತದ ಮೇಲೆ ತೂಗಾಡಿತ್ತು. ಜೀವ ಉಳಿಯಿತು, ಹೆದರಿಕೆ ಹೋಗಲಿಲ್ಲ. ಅಂದಿನಿಂದ ಬಸ್ಸಿಳಿದವನು ನೇರ ಬಾರಿಗೆ ಹೋಗುತ್ತಿದ್ದ.

"ಈ ಗುಳಿಗಿ ಪುಡಿ ಮಾಡಿ ಮಜ್ಜಿಗ್ಯಾಗ ಹಾಕವ್ವ. ಅವಂಗ ಗೊತ್ತಾಗಂಗಿಲ್ಲ, ಕುಡ್ಯಾದು ಬಿಡ್ತಾನ" ಎಂದಿದ್ದಳು ಪಕ್ಕದ ಮನೆಯ ನಿಂಗಕ್ಕ.

ಹಾಕಿದಳು. ಅವತ್ತು ಸಂಜೆ ಬಾರಿನಲ್ಲಿ ಹೆಂಡ ಕುಡಿದವನೇ ವಾಂತಿ ಮಾಡಿ, ಎದೆ ಹಿಡಿದುಕೊಂಡು ಬಿದ್ದ!

"ಈ ಗುಳಿಗಿ ಮ್ಯಾಲೆ ಹೆಂಡ ಬಿದ್ರ ವಿಷ. ಹೇಳದಂಗ ಕೊಟ್ರ ಜೀವಾನೇ ಹೋಗಬಹುದಿತ್ತಮ್ಮ!" ಎಂದು ಹೊಸಪೇಟೆಯ ಡಾಕ್ಟರ್ ಸುಧಾರಾಣಿ ಬೈದರು. ಶಾಂಭವಿ ಅಲ್ಲೇ ಅತ್ತು ಒಪ್ಪಿಕೊಂಡಳು. ಅಂದಿನಿಂದ ಮಲ್ಲೇಶ್ ಮನೆಯ ಊಟ ಬಿಟ್ಟು ಗಣಿಯ ಕ್ಯಾಂಟೀನಿನಲ್ಲೇ ಉಣ್ಣತೊಡಗಿದ, ಅಷ್ಟೇ.

ಈಗ ಪ್ರತಿ ಶನಿವಾರ ಒಬ್ಬನೇ ಹೊಸಪೇಟೆಗೆ ಹೋಗುತ್ತಾನೆ. *ಕುಡಿಯೋಕಾ? ನನ್ನ ಬಿಟ್ಟುಬಿಡೋಕಾ?* ತಡೆಯಲಾರದೆ, ಅವನು ಮಜ್ಜಿಗೆ ಮುಟ್ಟದೆ ಹೋದ ದಿನವೇ ಸಂಜೆ ಅವಳು ಗಣಿಯ ಬಸ್ ಸ್ಟಾಪಿಗೇ ಬಂದಳು, ಚೀಲದಲ್ಲಿ ಮಜ್ಜಿಗೆಯ ಬಾಟಲಿ ಇಟ್ಟುಕೊಂಡು.

ಬಸ್ಸಿಳಿದ ಗೆಳೆಯರು ಬಾರಿನ ಕಡೆ ನಡೆದರು. ಮಲ್ಲೇಶ್ ನಿಂತಲ್ಲೇ ನಿಂತ. ಜೇಬಿನಿಂದ ಗುಳಿಗೆ ತೆಗೆದು ನುಂಗಿದ.

"ಏನ್ರೀ ಅದು?"

ಅವನು ಬೆಚ್ಚಿಬಿದ್ದ. "ನೀ ಇಲ್ಲಿ?... ಹೊಸಪೇಟಿ ಡಾಕ್ಟರ್ ಕೊಟ್ಟಿದ್ದು, ಶನಿವಾರ ಅದಕ್ಕ ಹೋಗ್ತೀನಿ. ಇದು ಬ್ಯಾರೆ ಗುಳಿಗಿ, ಕುಡಿಯೋ ಆಸಿ ಕಮ್ಮಿ ಮಾಡ್ತೈತಿ. ನಾನೇ ಒಪ್ಪಿ ತಗೊಳ್ಳಾಕತ್ತೀನಿ. ಇಪ್ಪತ್ತೆರಡು ದಿನ ಆತು."

"ನನಗ್ಯಾಕ ಹೇಳಲಿಲ್ರೀ?"

"ನೀ ಗುಳಿಗಿ ಹಾಕಿದ್ದು ನನಗ ಹೇಳಿದ್ದೇನು?"

ಅವಳ ಕಣ್ಣು ತುಂಬಿತು. "ತಪ್ಪಾತ್ರೀ... ನಿಮ್ಮನ್ನ ಕಳಕೊಂತೀನಿ ಅಂತ ಭಾಳ ಹೆದ್ರಿದ್ದೆ."

ಅವನ ದನಿಯೂ ಮೆತ್ತಗಾಯಿತು. "ನಾನೂ ಹೆದ್ರೀನಿ ಶಾಂಭವಿ. ಬಸ್ ಇಳಿದ ಕೂಡ್ಲೆ ಆ ಗಾಲಿ ಕಣ್ಮುಂದ ಬರ್ತೈತಿ. ಈ ಅರ್ಧ ತಾಸು ಯಾರನ್ನಾರ ಜೊತಿಗಿಟ್ಕೋ ಅಂದಾರ ಡಾಕ್ಟರ್."

"ಯಾರನ್ನ ಜೊತಿಗಿ ಕರದೀರಿ?"

"ಇನ್ನಾ ಯಾರನ್ನೂ ಕೇಳಿಲ್ಲ."

"ನಾ ಬಂದೀನಲ್ಲ! ದಿನಾ ಬರ್ತೀನಿ!"

ಇಬ್ಬರೂ ಮನೆಯ ದಾರಿ ಹಿಡಿದರು. ಬಾರು ದಾಟುವಾಗ ಅವನ ಹೆಜ್ಜೆ ನಿಧಾನವಾಯಿತು. ಅವಳು ಅವನ ಕೈ ಬಿಗಿಯಾಗಿ ಹಿಡಿದುಕೊಂಡಳು. ತಿರುವಿನಲ್ಲಿ ನಿಂತು ಬಾಟಲಿಯ ಮುಚ್ಚಳ ತೆರೆದಳು. "ಮೊದ್ಲು ನಾನೇ ಕುಡೀತೀನ್ರೀ..."

ಅವನು ಬಾಟಲಿ ಕಸಿದುಕೊಂಡು ಗಟಗಟನೆ ಅಷ್ಟೂ ಕುಡಿದುಬಿಟ್ಟ!

"ಅಯ್ಯ! ನನಗೊಂದ್ ಗುಟುಕು ಬಿಡಬಾರದೇನ್ರೀ!" ಅಳುತ್ತಲೇ ನಕ್ಕಳು ಶಾಂಭವಿ.

"ಉಪ್ಪು ಕಮ್ಮಿ ಆಗೇತಲೇ."

"ನಾಳೆ ಹಾಕ್ತೀನ್ರೀ... ನಿಮ್ಮನ್ನ ಕೇಳೇ ಹಾಕ್ತೀನಿ."