ಎರಡು ಅಂಕದ ನೋವು

ನೀಲವ್ವನ ಮಣಿಕಟ್ಟಿಗೆ ಸುತ್ತಿದ ಪಟ್ಟಿ ಮೂರು ಸಲ ಮಿನುಗಿ ‘ಎರಡು’ ಎಂದು ತೋರಿಸಿತು. ಕೌಂಟರಿನ ತರುಣ ವೈದ್ಯ ಅವಳ ಮುಖ ನೋಡಲಿಲ್ಲ, ಅಂಕಿ ನೋಡಿದ. “ಆ ಬೆಂಚಿನ ಮ್ಯಾಲೆ ಕುಂದರ್ರಿ, ಕರೀತೀವಿ” ಎಂದ. ಐದಕ್ಕಿಂತ ಕಡಿಮೆ ಬಂದವರು ಕಾಯಬೇಕು ಎಂಬುದು ನಿಯಮ.

2061ರ ಆ ಬೇಸಿಗೆಯಲ್ಲಿ ಮಲಪ್ರಭಾ ಮಹಾ ಆಸ್ಪತ್ರೆಗೆ ನೋವುಮಾಪಕ ಬಂದು ಮೂರು ವಾರವಾಗಿತ್ತು. ನೋವಾದಾಗ ಬೆವರಿನ ಉಪ್ಪು, ನಾಡಿಯ ಬಡಿತ, ಸ್ನಾಯುಗಳ ಬಿಗಿತ ಎಲ್ಲವೂ ಕೂದಲೆಳೆಯಷ್ಟು ಬದಲಾಗುತ್ತವೆ. ಪಟ್ಟಿ ಅವನ್ನೆಲ್ಲ ಅಳೆದು ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕ ಕೊಡುತ್ತದೆ. ಮೊದಲೆಲ್ಲ ಜೋರಾಗಿ ಕೂಗಿದವರು, ದೊಡ್ಡವರ ಪರಿಚಯ ಇದ್ದವರು ಸರದಿಯಲ್ಲಿ ಮುಂದೆ ಹೋಗುತ್ತಿದ್ದರು. ಈಗ ಯಾರ ವಶೀಲಿಯೂ ನಡೆಯುತ್ತಿರಲಿಲ್ಲ. ಜನಕ್ಕೂ ಇದು ಹಿಡಿಸಿತ್ತು.

ಹಿಡಿಸದೆ ಇದ್ದದ್ದು ಉಪಕರಣ ವಿಭಾಗದ ಮುಖ್ಯಸ್ಥೆ ಇಂದುಮತಿ ಕೊಪ್ಪದ ಒಬ್ಬಳಿಗೇ. ಹೊಸ ಯಂತ್ರದ ಅರ್ಜಿ ಮೊದಲು ಅವಳ ಮೇಜಿನಲ್ಲಿ ದಾಖಲಾಗಿ, ಎಂಟು ವಿಭಾಗ ಸುತ್ತಿ, ಕೊನೆಯ ಸಹಿಗೆ ಮತ್ತೆ ಅವಳಲ್ಲಿಗೇ ಬರಬೇಕು. ನೋವುಮಾಪಕ ಈಗ ತಾತ್ಕಾಲಿಕ ಅನುಮತಿಯ ಮೇಲೆ ಓಡುತ್ತಿತ್ತು. ನಾಳೆ ಸಂಜೆ ಐದರೊಳಗೆ ಅವಳು ತಕರಾರು ಬರೆಯದಿದ್ದರೆ ಅದು ತಾನಾಗಿಯೇ ಕಾಯಂ ಆಗಿಬಿಡುತ್ತಿತ್ತು. ಇಂದುಮತಿಯಾದರೋ ತರಕಾರಿಯವನ ತಕ್ಕಡಿಯನ್ನೂ ಬಗ್ಗಿ ನೋಡುವ ಹೆಂಗಸು. ಎಂಟು ವಿಭಾಗಗಳಲ್ಲಿ ಒಬ್ಬನೂ ಚಕಾರ ಎತ್ತದ ಅರ್ಜಿಯನ್ನು ಅವಳು ತನ್ನ ಸರ್ವಿಸಿನಲ್ಲೇ ಕಂಡಿರಲಿಲ್ಲ. ಏನೋ ಮಸಲತ್ತು ನಡೆದಿದೆ, ಯಾರ್ಯಾರ ಕೈ ಬೆಚ್ಚಗಾಗಿದೆಯೋ ಎಂದುಕೊಂಡು, ಕಣ್ಣಾರೆ ನೋಡೋಣವೆಂದು ತುರ್ತು ಚಿಕಿತ್ಸೆಯ ಕಡೆಗೆ ಇಳಿದು ಬಂದಿದ್ದಳು.

ಬೆಂಚಿನ ಮೇಲಿದ್ದ ನೀಲವ್ವ ಅವಳಿಗೆ ಗೊತ್ತಿದ್ದವಳೇ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷದಿಂದ ಒದ್ದೆ ಚಾದರಗಳ ಗಂಟು ಹೊರುತ್ತಿದ್ದವಳು.

“ಏನಾತು ನೀಲವ್ವ?”

“ಏನಿಲ್ರಿ ಬಾಯಾರ. ಹೊಟ್ಯಾಗ ಸ್ವಲ್ಪ ಹಿಡದಂಗ ಆಗೇದ. ಎರಡ ಬಂದದಲ್ರಿ, ಕುಂತಿರ್ತೀನಿ.”

ಇಂದುಮತಿ ಬಗ್ಗಿ ಅವಳ ಮುಖ ನೋಡಿದಳು. ನೀಲವ್ವನ ಬಾಯಲ್ಲಿ ‘ಸ್ವಲ್ಪ’ ಎಂಬ ಮಾತನ್ನು ಅವಳು ಹಿಂದೆ ಒಮ್ಮೆ ಮಾತ್ರ ಕೇಳಿದ್ದಳು. ನೀಲವ್ವನ ಎರಡು ಬೆರಳು ಒಗೆಯುವ ಯಂತ್ರಕ್ಕೆ ಸಿಕ್ಕು ಮುರಿದ ದಿನ ಅದು.

“ಡಾಕ್ಟರ, ಇಕೀನ್ನ ಮೊದಲ ನೋಡ್ರಿ.”

“ಎರಡ ಐತ್ರಿ ಮೇಡಂ. ಏಳು, ಎಂಟು ಬಂದವರ ಇನ್ನೂ ಕುಂತಾರ.”

“ಅಂಕಿಗೆ ಬೆಂಕಿ ಹಚ್ಚರಿ! ಹೊಟ್ಟಿ ಮುಟ್ಟಿ ನೋಡ್ರಿ ಅಂದೆ!”

ವೈದ್ಯ ಗೊಣಗುತ್ತಲೇ ಎದ್ದು ಬಂದು ಕೈಯಿಟ್ಟ. ಹೊಟ್ಟೆ ಹಲಗೆಯಂತೆ ಬಿಗಿದಿತ್ತು. “ಅಪೆಂಡಿಕ್ಸ್ ಒಡದಂಗ ಕಾಣ್ತದ. ಸ್ಟ್ರೆಚರ್ ತರ್ರಿ!” ಎಂದು ಕೂಗಿಕೊಂಡ.

ನೀಲವ್ವನನ್ನು ಶಸ್ತ್ರಚಿಕಿತ್ಸೆಗೆ ಒಯ್ದ ಮೇಲೆ ಇಂದುಮತಿ ನೇರ ನಾಲ್ಕನೆಯ ಮಹಡಿಗೆ ಹೋದಳು. ಮಾಪಕವನ್ನು ಕಂಡುಹಿಡಿದ ವಿಜ್ಞಾನಿ ಡಾ. ಫಕೀರೇಶ ಹಡಪದ ಅಲ್ಲಿ ಅಂಕಿಅಂಶ ನೋಡುತ್ತ ಕುಳಿತಿದ್ದ.

“ಎಷ್ಟ ಮಂದಿ ಕೈ ಬೆಚ್ಚಗ ಮಾಡೀರಿ, ಹೇಳ್ರಿ!”

ಅವನು ಕಣ್ಣುಕಣ್ಣು ಬಿಟ್ಟ. “ಯಾರಿಗೂ ಒಂದ ಕಪ್ ಚಹಾ ಸೈತ ಕುಡಿಸಿಲ್ರಿ.”

“ಹಂಗಾರ ಹೊಟ್ಟಿ ಒಡದ ಹೆಂಗಸಿಗೆ ಎರಡ ಹೆಂಗ ಬಂತು?”

ಅವಳು ನಡೆದದ್ದನ್ನೆಲ್ಲ ಹೇಳಿದಾಗ ಫಕೀರೇಶ ತಲೆ ಹಿಡಿದುಕೊಂಡ. “ಪಟ್ಟಿ ನೋವನ್ನ ಅಳಿಯೂದಿಲ್ರಿ. ನೋವಿಗೆ ಮೈ ಕೊಡೋ ಉತ್ತರಾ ಅಳೀತದ. ಹಲ್ಲ ಕಚ್ಚಿ ಭಾರ ಹೊತ್ತ ಮೈ ಉತ್ತರಾ ಕೊಡೂದನ್ನ ಬಿಟ್ಟಿರ್ತದ. ನಾ ಪರೀಕ್ಷಾ ಮಾಡಿದ್ದು ಕಾಲೇಜ್ ಹುಡುಗರ ಮ್ಯಾಲೆ ಅಷ್ಟ. ದುಡಿಯೋ ಮಂದಿ ಮ್ಯಾಲೆ ಬ್ಯಾರೆ ಪರೀಕ್ಷಾ ಆಗೂತನಕ ಸರದಿಗೆ ಇದನ್ನ ಬಳಸಬ್ಯಾಡ್ರಿ ಅಂತ ಅರ್ಜ್ಯಾಗ ಬರದೀನಲ್ರಿ, ಮೂವತ್ತೊಂದನೇ ಪುಟಾ! ನೀವ ಬಳಸಾಕ ಶುರು ಮಾಡಿದಾಗ, ಪರೀಕ್ಷಾ ಮಾಡಿರಬೇಕು ಅನಕೊಂಡೆ.”

ಆದರೆ ಇಂದುಮತಿಯ ಅನುಮಾನ ಅಷ್ಟಕ್ಕೆ ಸಾಯುತ್ತದೆಯೇ? ಈ ಪುಟವನ್ನು ಮುಚ್ಚಿಟ್ಟ ಪುಣ್ಯಾತ್ಮ ಯಾರೆಂದು ನೋಡಿಯೇಬಿಡುತ್ತೇನೆಂದು ತನ್ನ ಕೋಣೆಗೆ ಬಂದು ಪರದೆಯ ಮೇಲೆ ಕಡತ ತೆರೆದಳು. ಮೂವತ್ತೊಂದನೆಯ ಪುಟ ಎಲ್ಲಿರಬೇಕೋ ಅಲ್ಲೇ ಇತ್ತು. ನರವಿಜ್ಞಾನ ವಿಭಾಗ ಬರೆದಿತ್ತು: ‘ಸುರಕ್ಷತಾ ವಿಭಾಗ ಒಪ್ಪಿರುವುದರಿಂದ ಒಪ್ಪಿಗೆ.’ ಸುರಕ್ಷತೆಯವರು ಶುಶ್ರೂಷೆಯವರನ್ನು ನಂಬಿದ್ದರು, ಶುಶ್ರೂಷೆಯವರು ಔಷಧ ವಿಭಾಗವನ್ನು. ಹೀಗೆ ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟು ನಿಂತಿದ್ದರು. ಇಳಿಯುತ್ತ ಇಳಿಯುತ್ತ ತಳದ ಟಿಪ್ಪಣಿಗೆ ಬಂದಳು. ಅರ್ಜಿ ದಾಖಲಾದ ದಿನದ್ದು. ‘ಪರಿಶೀಲಿಸಲಾಗಿದೆ. ಅಭ್ಯಂತರವಿಲ್ಲ. ಮುಂದಿನ ಕ್ರಮಕ್ಕೆ.’ ಕೆಳಗೆ ಅವಳದೇ ಹೆಸರು.

ಆ ದಿನ ನಲವತ್ತು ಕಡತ ಬಂದಿದ್ದವು. ಹೇಗೂ ಮುಂದಿನವರು ನೋಡುತ್ತಾರೆ, ಕೊನೆಗೆ ತಾನೂ ನೋಡುತ್ತೇನೆ ಎಂದು ಬರೆದದ್ದು. ಎಂಟು ವಿಭಾಗಗಳ ಒಪ್ಪಿಗೆ ಆ ಒಂದು ಸಾಲಿನ ಮೇಲೆ ನಿಂತಿತ್ತು.

ಮರುದಿನ ಮಧ್ಯಾಹ್ನ ನೀಲವ್ವನಿಗೆ ಪೂರ್ತಿ ಎಚ್ಚರವಾಗಿತ್ತು. ಜೀವ ಉಳಿದಿತ್ತು.

“ನನಗ ಎರಡ ಕೊಟ್ಟಿದ್ದು ಆ ಮಿಷಿನ್ ಏನ್ರಿ ಬಾಯಾರ?”

“ಅಲ್ಲವ್ವ. ನಾನ ಕೊಟ್ಟಿದ್ದು.”

ಚೇಷ್ಟೆ ಮಾಡುತ್ತಿದ್ದಾಳೆಂದು ನೀಲವ್ವ ನಕ್ಕಳು. ನಕ್ಕಿದ್ದಕ್ಕೆ ಹೊಲಿಗೆ ಜಗ್ಗಿ “ಅವ್ವಾ” ಎಂದಳು. ಇಂದುಮತಿ ಮುಖ ತಿರುಗಿಸಿಕೊಂಡು ಎದ್ದು ಬಂದಳು.

ಐದು ಗಂಟೆಗೆ ಇನ್ನೂ ಅರ್ಧ ತಾಸಿತ್ತು. ಅವಳು ತನ್ನ ಹಳೆಯ ಟಿಪ್ಪಣಿಯ ಕೆಳಗೆ ‘ಓದದೆ ಬರೆದಿದ್ದೆ, ಹಿಂತೆಗೆದುಕೊಂಡಿದ್ದೇನೆ’ ಎಂದು ಬರೆದು ಸಹಿ ಹಾಕಿದಳು. ಎಂಟೂ ಒಪ್ಪಿಗೆಗಳು ಆಧಾರವಿಲ್ಲವೆಂದು ರದ್ದಾದವು. ಕೆಳಗೆ ತುರ್ತು ಚಿಕಿತ್ಸೆಯಲ್ಲಿ ಪಟ್ಟಿಗಳನ್ನು ಬಿಚ್ಚತೊಡಗಿದರು.

ಆಗ ಪರದೆಯ ಮೇಲೆ ಒಂದು ಪ್ರಶ್ನೆ ಮೂಡಿತು: ‘ಇದೇ ಸಾಲಿನ ಮೇಲೆ ಅನುಮೋದನೆಯಾದ ಇತರ ಕಡತಗಳನ್ನು ತೋರಿಸಲೇ?’

ಅವಳು ಹೌದೆಂದಳು. ಸಾವಿರದ ನೂರ ನಲವತ್ತಾರು. ಅರ್ಧಕ್ಕರ್ಧ ಅವಳು ಕೆಲಸಕ್ಕೆ ಸೇರುವ ಮೊದಲಿನವು. ಆ ಸಾಲು ಅವಳ ಸ್ವಂತದ್ದೇನಲ್ಲ. ಅವಳು ಹಿಂದಿನ ಮುಖ್ಯಸ್ಥರಿಂದ ಎತ್ತಿಕೊಂಡಿದ್ದಳು, ಅವರು ತಮ್ಮ ಹಿಂದಿನವರಿಂದ. ಎಲ್ಲಕ್ಕಿಂತ ಹಳೆಯ ಕಡತ 2026ರದ್ದು. ನವಜಾತ ಶಿಶುಗಳ ವಾರ್ಡಿನಲ್ಲಿ ಯಾವ ಕೂಸನ್ನು ಮೊದಲು ನೋಡಬೇಕೆಂದು ಹೇಳುವ ತಂತ್ರಾಂಶದ್ದು. ಮೂವತ್ತೈದು ವರ್ಷದಿಂದ ಅದು ಅಲ್ಲಿ ಓಡುತ್ತಲೇ ಇತ್ತು.