ಗಂಟು ಹಾಕಿದ ತಂತಿ

ಅರ್ಚನಾ ರೇಡಿಯೊವನ್ನು ಮೇಜಿನ ಮೇಲಿಟ್ಟಾಗ ಗಂಗಾಧರ್ ನೋಡಿದ್ದು ಅವಳ ಕಣ್ಣುಗಳನ್ನು. ಅವಳು ನೋಡಿದ್ದು ಅವನ ಬೆರಳಿನ ಹೊಸ ಉಂಗುರವನ್ನು.

"ಎಲ್ಲಾರ ಮಾತೂ ನನಗ ಕೇಳಸ್ತೈತ್ರಿ. ನಂದು ಯಾರಿಗೂ ಕೇಳಸವಲ್ದಂತ," ಎಂದಳು.

ಒಂದು ವರ್ಷ ಪ್ರತಿದಿನ ಬೆಳಗ್ಗೆ ಆರಕ್ಕೆ, ಹಿರೇಹಡಗಲಿಯಿಂದ ಅವಳು, ಕೊಟ್ಟೂರಿನ ಈ ಮೋಟಾರು ರಿಪೇರಿ ಅಂಗಡಿಯಿಂದ ಅವನು, ಹವ್ಯಾಸಿ ರೇಡಿಯೊದಲ್ಲಿ ಮಾತಾಡುತ್ತಿದ್ದರು. ಊರೆಲ್ಲ ಕೇಳಬಹುದಾದ ಮಾತು: ಗಾಳಿ, ಆಂಟೆನಾ, ರೊಟ್ಟಿ.

ನಾಲ್ಕು ತಿಂಗಳ ಹಿಂದೆ ಅವಳು ಬ್ಯಾಟರಿಯ ತಂತಿಗಾಗಿ ಇಲ್ಲಿಗೆ ಬಂದಿದ್ದಳು. ಇದ್ದದ್ದು ಕಪ್ಪು ತಂತಿ ಮಾತ್ರ. ಅಂಗಡಿಯ ರೂಢಿಯಂತೆ ಅವನು ಗುರುತಿಗೆ ಪ್ಲಸ್ಸಿನ ತಂತಿಗೆ ಗಂಟು ಹಾಕಿದ, ಅದನ್ನು ಅವಳಿಗೆ ಹೇಳಬೇಕೆಂದು ತೋಚಲಿಲ್ಲ. "ಉಲ್ಟಾ ಕೊಟ್ರ ಕಾಯಾಕ ಡಯೋಡ್ ಬೇಕು, ಮುಗದಾವು. ಮುಂದಿನ ವಾರ ಹಾಕ್ತೀನಿ," ಎಂದ.

ನಂತರ ತಲೆ ತಗ್ಗಿಸಿ ಹೇಳಿದ್ದ: "ನಾಳೆ ಭಾನುವಾರ, ಆರಕ್ಕ ರೇಡಿಯೊದಾಗ ಕರೀತೀನ್ರಿ. ನನ್ನ ಕೂಡ ಮದುವಿಗೆ ಮನಸ್ಸಿದ್ರ ಬರೇ ನಮಸ್ಕಾರ ಅನ್ರಿ. ಇಲ್ದಿದ್ರ ಸುಮ್ನಿರ್ರಿ. ಎದುರಿಗೆ ಒಲ್ಲೆ ಅಂದ್ರ ನಾ ತಡಿಯಂಗಿಲ್ಲ."

"ಗಂಡಸೋ, ಟ್ರಾನ್ಸಿಸ್ಟರೋ? ಇಷ್ಟಕ್ಕ ಸುಡ್ತೀರಿ?" ಎಂದು ಅವಳು ನಕ್ಕಿದ್ದಳು.

ಭಾನುವಾರ ಅವನು ಮೂರು ಸಲ ಕರೆದ. ಬರಿಯ ಗೊರಗೊರ. "ತಿಳೀತ್ರಿ," ಎಂದು ರೇಡಿಯೊ ಆರಿಸಿದ, ಮತ್ತೆ ಹಚ್ಚಲಿಲ್ಲ. ಅವ್ವ ನೋಡಿದ ಹುಡುಗಿಗೆ ಒಪ್ಪಿಗೆ ಕೊಟ್ಟ. ಮದುವೆಯಾಗಿ ಇವತ್ತಿಗೆ ಹದಿನೆಂಟು ದಿನಗಳಾಗಿದ್ದವು.

ಈಗ ಪೆಟ್ಟಿಗೆ ಬಿಚ್ಚಿದ. ದನಿ ಕಳುಹಿಸುವ ಟ್ರಾನ್ಸಿಸ್ಟರ್ ಸೀಳಿಹೋಗಿತ್ತು. ಸ್ವಿಚ್ ಹಾಕದಿದ್ದರೂ ಬ್ಯಾಟರಿಯ ವಿದ್ಯುತ್ತು ನೇರವಾಗಿ ತಲುಪುವ ಭಾಗ ಅದೊಂದೇ; ಕೇಳುವ ಭಾಗ ಉಳಿದಿತ್ತು.

"ಉಲ್ಟಾ ಕೊಟ್ಟಿದ್ರೇನು?"

"ಒಂದ ಸಲ. ಕಿಡಿ ಹಾರ್ತು, ತಿರುಗಿಸಿ ಕೊಟ್ಟೆ, ದೀಪ ಹತ್ತಿತು. ನಮ್ಮಪ್ಪ ಟ್ರ್ಯಾಕ್ಟರಿನ್ಯಾಗ ಮೈನಸ್ಸಿಗೆ ಗಂಟು ಹಾಕ್ತಿದ್ದ. ನಿಮ್ಮದೂ ಹಂಗ ಅನ್ಕೊಂಡೆ."

"ಯಾವತ್ತು?"

"ಆ ಭಾನುವಾರ. ಆರಕ್ಕ ಹತ್ತು ನಿಮಿಷ ಇತ್ತು."

ಅವನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ನಿಂತಿತು.

"ಮೂರು ಸಲ ನಮಸ್ಕಾರ ಅಂದೆ," ಎಂದಳು ಅವಳು. "ನೀವು ತಿಳೀತು ಅಂದ್ರಿ. ಮನಿಗೆ ಬರ್ತೀರಂತ ದಾರಿ ನೋಡ್ದೆ. ನಿಮ್ಮ ಮದುವಿ ಸುದ್ದಿ ಬಂತು. ಏನಂತ ಕೇಳ್ಲಿ?"

ಅವನು ಸೀಳಿದ್ದನ್ನು ಕಿತ್ತು ತೆಗೆದ. ಹೊಸ ಟ್ರಾನ್ಸಿಸ್ಟರ್ ಕೂರಿಸಿದ. ಡಯೋಡನ್ನೂ ಫ್ಯೂಜನ್ನೂ ಬೆಸೆದ. ಗಂಟು ಬಿಚ್ಚಿ, ಪ್ಲಸ್ಸಿಗೆ ಕೆಂಪು ತಂತಿ ಹಾಕಿದ.

"ಇನ್ನ ತಪ್ಪಾದ್ರ ಫ್ಯೂಜ್ ಹೋಗತೈತಿ. ರೇಡಿಯೊ ಉಳಿತೈತಿ. ಮಾತಾಡಿ ನೋಡ್ರಿ."

ನಾಲ್ಕು ತಿಂಗಳ ಮೇಲೆ ಅವನು ತನ್ನ ರೇಡಿಯೊವನ್ನೂ ಹಚ್ಚಿದ. ಅವಳು ಮೈಕ್ ಎತ್ತಿ, ಉಂಗುರದ ಕಡೆ ನೋಡದೆ, ಮೆಲ್ಲಗೆ ಹೇಳಿದಳು.

ಗೋಡೆಯ ಹಲಗೆಯ ಮೇಲಿದ್ದ ಅವನ ರೇಡಿಯೊದಿಂದ ಸ್ಪಷ್ಟವಾಗಿ ಬಂತು: "ನಮಸ್ಕಾರ."

"ಕೇಳಿಸ್ತ್ರಿ," ಎಂದ ಗಂಗಾಧರ್. ಅದನ್ನು ಆರಿಸಲು ಅವನ ಕೈ ಏಳಲಿಲ್ಲ.