ಬಲೆಯ ಮೇಲೆ ಹೊರಿಸಿದ ತಪ್ಪು

ಇಂಜಿನ್ ಜೋರಾಗಿ ಅರಚುತ್ತಿತ್ತು. ಬೋಟು ಮಾತ್ರ ಒಂದು ಮಾರೂ ಮುಂದೆ ಹೋಗುತ್ತಿರಲಿಲ್ಲ.

ಭಾನುಪ್ರಿಯ ಮತ್ತೊಮ್ಮೆ ಆಕ್ಸಿಲರೇಟರ್ ತಿರುವಿದಳು. ಭಾನುವಾರದ ಬೆಳಗಿನ ಬಿಸಿಲು, ಸುತ್ತ ಕಣ್ವ ಜಲಾಶಯದ ನೀರು. ಲೈಫ್ ಜಾಕೆಟ್ ತೊಟ್ಟ ಆರು ಮಂದಿ ಅವಳ ಮುಖವನ್ನೇ ನೋಡುತ್ತಿದ್ದರು. ಅವರಲ್ಲಿ ಇಬ್ಬರು ಪುಟ್ಟ ಮಕ್ಕಳು. ಒಂದು ನಿಮಿಷದ ಹಿಂದೆ ಬೋಟಿನ ಅಡಿಯಲ್ಲಿ 'ಟಣ್' ಎಂದದ್ದು ಎಲ್ಲರಿಗೂ ಕೇಳಿಸಿತ್ತು. ಅದೇನೆಂದು ಗೊತ್ತಾಗಿದ್ದು ಅವಳೊಬ್ಬಳಿಗೇ.

ಬಂಡೆ... ನೀರಿನಡಿಯ ಬಂಡೆ!

ನೀರು ಇಳಿದಿದೆ, ಪೂರ್ವದ ಮೂಲೆಗೆ ಹೋಗಬೇಡ ಎಂದು ಮ್ಯಾನೇಜರ್ ಅನಂತರಾಜು ಹೇಳಿದ್ದರು. ಆದರೆ ಮಕ್ಕಳು ಬೆಳ್ಳಕ್ಕಿ ಹಿಂಡನ್ನು ಹತ್ತಿರದಿಂದ ನೋಡಬೇಕು ಎಂದಾಗ, ತನ್ನ ಕೈಚಳಕ ತೋರಿಸುವ ಆಸೆಗೆ ಅವಳು ಬೋಟನ್ನು ಆ ಕಡೆಗೇ ತಿರುಗಿಸಿದ್ದಳು. ಆ ಖಾಸಗಿ ಬೋಟಿಂಗ್ ಕೇಂದ್ರದಲ್ಲಿ ಮೋಟಾರು ಬೋಟು ಓಡಿಸುವ ಮೊದಲ ಹೆಣ್ಣುಮಗಳು ಅವಳು. ಕೆಲಸಕ್ಕೆ ಸೇರಿ ಇನ್ನೂ ಹದಿನೆಂಟು ದಿನ.

ನಿಮಗೆ ಓಡಿಸೋಕೆ ಬರುತ್ತೆ ತಾನೆ ಎಂದು ಹಿಂದೆ ಕೂತಿದ್ದ ಹೆಂಗಸು ಕೇಳಿದಾಗ ಭಾನುಪ್ರಿಯಳಿಗೆ ನೀರಿಗೆ ಹಾರಿಬಿಡೋಣ ಅನ್ನಿಸಿತು.

ಅಷ್ಟರಲ್ಲಿ ದುಂಡನೆಯ ತೆಪ್ಪವೊಂದು ತೇಲುತ್ತಾ ಬಂದು ಪಕ್ಕಕ್ಕೆ ತಾಗಿತು. ಅದರಲ್ಲಿ ಮೊಣಕಾಲವರೆಗೆ ಪ್ಯಾಂಟು ಮಡಚಿಕೊಂಡ ಒಬ್ಬ ಯುವಕ. ಕಾಲ ಬಳಿ ಒದ್ದೆ ಬಲೆಯ ರಾಶಿ. ಅವನು ಮೊದಲು ಮಾತಾಡಿಸಿದ್ದು ಭಾನುಪ್ರಿಯಳನ್ನಲ್ಲ, ಅಳುತ್ತಿದ್ದ ಮಗುವನ್ನು. ಬುಟ್ಟಿಯಿಂದ ಒಂದು ಮೀನು ಎತ್ತಿ ತೋರಿಸಿ ಅದರ ಅಳು ನಿಲ್ಲಿಸಿದ. ಆಮೇಲೆ ಇವಳ ಕಡೆ ತಿರುಗಿದ.

"ಇಂಜಿನ್ ಆಫ್ ಮಾಡ್ಬುಡಿ ಮೇಡಮ್. ನೀರೊಳಗಿನ ಫ್ಯಾನು ತಿರುಗ್ತಾ ಇಲ್ಲ, ಸುಮ್ನೆ ಬಿಸಿಯಾಯ್ತದೆ. ಹಗ್ಗ ಕೊಡಿ."

ಅಷ್ಟೇ. ಯಾಕೆ, ಏನು, ಹೇಗೆ... ಒಂದನ್ನೂ ಕೇಳಲಿಲ್ಲ. ಬೋಟನ್ನು ತೆಪ್ಪಕ್ಕೆ ಕಟ್ಟಿಕೊಂಡು ಹುಟ್ಟು ಹಾಕತೊಡಗಿದ. ಅವನ ಬೆನ್ನಿನ ಮೇಲೆ ಬೆವರು ಹರಿಯುವುದನ್ನು ನೋಡುತ್ತಾ ಅವಳು ಅರ್ಧ ಗಂಟೆ ಕೂತಳು. ಇಷ್ಟು ಒಳ್ಳೆಯವರೂ ಇರ್ತಾರಾ ಅಂದುಕೊಂಡಳು.

ದಡದಲ್ಲಿ ಅನಂತರಾಜು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಅವರ ಹಿಂದೆ ಉಳಿದ ಡ್ರೈವರುಗಳು. ಹೆಣ್ಣುಮಕ್ಕಳ ಕೈಗೆ ಬೋಟು ಕೊಟ್ಟರೆ ಇನ್ನೇನಾಗುತ್ತದೆ ಎಂದು ಮೊದಲ ದಿನವೇ ನಕ್ಕವರೂ ಅಲ್ಲೇ ಇದ್ದರು.

"ಏನ್ ಮಾಡ್ಕಂಡೆ ಭಾನು?"

ಅವಳ ಕಣ್ಣ ಮುಂದೆ ಅವ್ವ ಬೈರಮ್ಮನ ಮುಖ ಬಂತು. ನನ್ನ ಮಗಳು ಬೋಟು ಓಡಿಸ್ತಾಳೆ ಅಂತ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದ ಮುಖ. ಯೋಚನೆಗಿಂತ ಮೊದಲೇ ನಾಲಿಗೆ ಹೊರಳಿತು.

"ಬಲೆ ಸಿಕ್ಕಾಕ್ಕೊಂತು ಸಾರ್. ಇವರ... ಇವರ ಬಲೆ."

ಹಗ್ಗ ಬಿಚ್ಚುತ್ತಿದ್ದವನ ಕೈ ನಿಂತಿತು. ಅವನು ಒಮ್ಮೆ ತಲೆಯೆತ್ತಿ ಅವಳನ್ನು ನೋಡಿದ. ಆಮೇಲೆ ತಲೆ ತಗ್ಗಿಸಿದ.

ಅನಂತರಾಜು ಕೂಗಾಡಿದರು. ಇನ್ನು ಈ ದಡದ ಕಡೆ ಬಲೆ ಬಿಡಕೂಡದು, ಇಲ್ಲಿ ತೆಪ್ಪ ಕಟ್ಟಕೂಡದು, ಮೀನು ಮಾರಲು ಕೇಂದ್ರದ ಅಡುಗೆಮನೆ ಬಾಗಿಲಿಗೂ ಬರಕೂಡದು ಎಂದರು.

"ಆಯ್ತು ಸಾ," ಎಂದಷ್ಟೇ ಹೇಳಿ ಅವನು ಹೊರಟುಹೋದ.

ಅವನ ಹೆಸರು ಮುನಿಕೃಷ್ಣ ಎಂದು ಅವಳಿಗೆ ತಿಳಿದದ್ದು ಅನಂತರಾಜು ಬೈದಾಗಲೇ.

ಆ ರಾತ್ರಿ ಅವ್ವ ಬಿಸಿ ಮುದ್ದೆ ಬಡಿಸಿದಳು. ಭಾನುಪ್ರಿಯ ಒಂದು ತುತ್ತು ಮುರಿದು ತಟ್ಟೆಯಲ್ಲೇ ಬಿಟ್ಟಳು. ಕೆಟ್ಟ ಬೋಟಿನಲ್ಲೂ ನನ್ನ ಮಗಳು ಎಲ್ಲರನ್ನೂ ಕಾಪಾಡಿ ತಂದಳಂತೆ ಎಂದು ಅವ್ವ ಪಕ್ಕದ ಮನೆಯವರಿಗೆ ಹೇಳುತ್ತಿದ್ದುದು ಗೋಡೆಯಾಚೆಯಿಂದ ಕೇಳಿಸಿತು.

ಕಾಪಾಡಿದ್ದು ನಾನಲ್ಲ ಅವ್ವಾ... ಕಾಪಾಡಿದವನ ಹೊಟ್ಟೆ ಮೇಲೇ ಹೊಡೆದು ಬಂದಿದ್ದೀನಿ.

ಸೋಮವಾರ ಪ್ರವಾಸಿಗರಿಗೆ ರಜೆ, ಬೋಟು ತೊಳೆಯಲು ಡ್ರೈವರುಗಳೆಲ್ಲ ಬಂದಿದ್ದರು. ಮೆಕ್ಯಾನಿಕ್ ಬರುವುದು ಶುಕ್ರವಾರ ಎಂದಿದ್ದ. ಬೇರೆ ಯಾರಾದರೂ ಇಂಜಿನ್ ಬಿಚ್ಚಿ ನೋಡಿಬಿಟ್ಟಾರು ಎಂಬ ಭಯಕ್ಕೇ ಅವಳು ತಾನೇ ರಿಪೇರಿ ಮಾಡುತ್ತೇನೆ ಎಂದಳು. ಇದ್ದದ್ದನ್ನೂ ಕೆಡಿಸಬೇಡ ಎಂದು ಗೊಣಗುತ್ತಲೇ ಅನಂತರಾಜು ಟೂಲ್ ಬಾಕ್ಸ್ ಕೊಟ್ಟರು.

ತರಬೇತಿಯಲ್ಲಿ ಹೇಳಿಕೊಟ್ಟಿದ್ದನ್ನು ನೆನೆಸಿಕೊಂಡು ಮೊದಲು ಪ್ಲಗ್ಗಿನ ವಯರು ಕಿತ್ತಳು. ಕೆಲಸದ ನಡುವೆ ಇಂಜಿನ್ ತಿರುಗಿಬಿಟ್ಟರೆ ಬೆರಳು ಉಳಿಯುವುದಿಲ್ಲ. ಇಂಜಿನ್ನನ್ನು ಮೇಲಕ್ಕೆ ಎತ್ತಿ ನಿಲ್ಲಿಸಿ, ಇಕ್ಕಳದಲ್ಲಿ ನಟ್ಟು ಸಡಿಲವಾಗದಂತೆ ತಡೆಯುವ ಕಾಟರ್ ಪಿನ್ ಎಳೆದು, ನಟ್ಟು ಬಿಚ್ಚಿದಳು. ಮೂರು ರೆಕ್ಕೆಯ ಫ್ಯಾನು ಸಲೀಸಾಗಿ ಕೈಗೆ ಬಂತು.

ಒಳಗಿನ ದಂಡದಲ್ಲಿ ಅಡ್ಡಲಾಗಿ ಕೂರಬೇಕಾದ ಹಿತ್ತಾಳೆ ಪಿನ್ನು ಮೂರು ತುಂಡಾಗಿತ್ತು. ಅದಕ್ಕೇ ಇಂಜಿನ್ ಓಡಿದರೂ ಫ್ಯಾನು ತಿರುಗಿರಲಿಲ್ಲ. ಒಂದು ರೆಕ್ಕೆಯ ಅಂಚು ಮುಕ್ಕಾಗಿ, ಅದರಲ್ಲಿ ಬಂಡೆಯ ಬೂದು ಪುಡಿ ಮೆತ್ತಿಕೊಂಡಿತ್ತು.

ಬಲೆಯ ಒಂದೇ ಒಂದು ಎಳೆ ಕೂಡ ಇರಲಿಲ್ಲ. ಇರುವುದಿಲ್ಲ ಎಂದು ಅವಳಿಗೆ ಗೊತ್ತೇ ಇತ್ತು. ಆದರೂ ರೆಕ್ಕೆಗಳ ಸಂದಿಯಲ್ಲೆಲ್ಲ ಬೆರಳಾಡಿಸಿ ಹುಡುಕಿದಳು.

ಚನ್ನಪಟ್ಟಣದ ಬಸ್ಸು ಹತ್ತಿ ಅಸ್ಗರ್ ಸಾಬರ ಲೇತ್ ಅಂಗಡಿಗೆ ಹೋದಳು. ಬೊಂಬೆ ಮಾಡುವವರ ಉಪಕರಣಗಳಿಗೆ ಬಿಡಿಭಾಗ ಮಾಡಿಕೊಡುವ ವಯಸ್ಸಾದ ಮನುಷ್ಯ ಅವರು. ಗಟ್ಟಿ ಇರಲಿ, ಉಕ್ಕಿನ ಮೊಳೆಯನ್ನೇ ಕತ್ತರಿಸಿ ಹಾಕಿಬಿಡಲಾ ಎಂದು ಅವಳು ಕೇಳಿದಾಗ ಸಾಬರು ತಲೆಯಾಡಿಸಿದರು.

"ಬೇಡಮ್ಮ. ಉಕ್ಕು ಹಾಕಿದ್ರೆ, ಏನಾರ ತಾಗ್ದಾಗ ಪಿನ್ನು ಉಳೀತದೆ, ಒಳಗಿನ ಗೇರೆಲ್ಲ ಪುಡಿಯಾಯ್ತದೆ. ಹಿತ್ತಾಳೇನೇ ಹಾಕು. ಇನ್ನೊಂದು ಜಾಸ್ತಿ ಇಟ್ಕೋ."

ಅಳತೆಗೆ ಸರಿಯಾಗಿ ಎರಡು ಪಿನ್ನು ಕತ್ತರಿಸಿ ಕೊಟ್ಟರು.

ಮಧ್ಯಾಹ್ನ ಅವಳು ಕೇಂದ್ರಕ್ಕೆ ಮರಳಿ ಅರ ಹಿಡಿದು ರೆಕ್ಕೆಯ ಅಂಚನ್ನು ಉಜ್ಜಿದಳು. ಹೆಚ್ಚು ಉಜ್ಜಿದರೆ ರೆಕ್ಕೆ ತೂಕ ತಪ್ಪಿ ಬೋಟು ನಡುಗುತ್ತದೆ, ಆದ್ದರಿಂದ ಒಸಿ ಒಸಿಯಾಗಿ. ಬೂದು ಪುಡಿ ಉದುರಿತು. ಮುಕ್ಕು ನುಣುಪಾಯಿತು. ಹೊಸ ಪಿನ್ನು ತೂರಿಸಿ, ಫ್ಯಾನು ಕೂರಿಸಿ, ನಟ್ಟು ಬಿಗಿದು, ಹೊಸ ಕಾಟರ್ ಪಿನ್ನಿನ ಕಾಲು ಮಡಚಿದಳು. ಗೇರಿನ ಆಯಿಲ್‌ನಲ್ಲಿ ನೀರು ಸೇರಿಲ್ಲವೆಂದು ನೋಡಿ ಖಾತ್ರಿ ಮಾಡಿಕೊಂಡಳು.

ಪ್ಲಗ್ಗಿನ ವಯರು ಸಿಕ್ಕಿಸಿ ಇಂಜಿನ್ನಿನ ಹಗ್ಗ ಎಳೆದದ್ದೇ ತಡ, ಬೋಟು ನೀರು ಸೀಳಿಕೊಂಡು ಹೊರಟಿತು!

ಆ ಖುಷಿ ದಡಕ್ಕೆ ಬರುವವರೆಗೂ ಉಳಿಯಲಿಲ್ಲ. ಅನಂತರಾಜು ಮೊದಲ ಸಲ ಅವಳನ್ನು ಎಲ್ಲರ ಮುಂದೆ ಹೊಗಳಿದರು. ಮೆಕ್ಯಾನಿಕ್ಕೇ ಬೇಡ ನೋಡ್ರಪ್ಪ ಎಂದರು. ಬಲೆ ಬಿಡುವವರಿಗೂ ಬುದ್ಧಿ ಕಲಿಸಿದಂತಾಯಿತು ಎಂದು ಸೇರಿಸಿದರು.

ಅವಳು ಟೂಲ್ ಬಾಕ್ಸ್ ಮುಚ್ಚಿ ತನ್ನ ಕೈ ನೋಡಿಕೊಂಡಳು. ಉಗುರಿನ ಸಂದಿಯಲ್ಲಿ ಇನ್ನೂ ಆ ಬೂದು ಪುಡಿ ಇತ್ತು. ತನ್ನ ಸುಳ್ಳಿಗಿದ್ದ ಒಂದೇ ಒಂದು ಸಾಕ್ಷಿಯನ್ನು ತಾನೇ ಅರದಿಂದ ಉಜ್ಜಿ ಅಳಿಸಿದ್ದಳು. ಇನ್ನು ಯಾರಿಗೂ ತಿಳಿಯುವುದಿಲ್ಲ. ಆ ಯೋಚನೆ ಬಂದ ಗಳಿಗೆಯಲ್ಲೇ ಅವಳಿಗೆ ತನ್ನ ಮೇಲೆ ಅಸಹ್ಯ ಹುಟ್ಟಿತು.

ಮಂಗಳವಾರ ಸಂಜೆ ಕೆಲಸ ಮುಗಿಸಿ, ಏರಿಯ ಮೇಲೆ ನಡೆದು ಆಚೆ ದಡಕ್ಕೆ ಹೋದಳು. ಮುನಿಕೃಷ್ಣ ತೆಪ್ಪವನ್ನು ಬೋರಲು ಹಾಕಿ ಅದರ ಪಕ್ಕ ಬಲೆ ಹೊಲಿಯುತ್ತಿದ್ದ. ಅವಳನ್ನು ಕಂಡು ದಡಬಡಿಸಿ ಎದ್ದು ನಿಂತ.

ಅವಳು ಪಿನ್ನಿನ ತುಂಡುಗಳಿದ್ದ ಅಂಗೈಯನ್ನು ಚಾಚಿದಳು.

"ನಿಮ್ಮ ಬಲೆ ಸಿಕ್ಕಿರ್ಲಿಲ್ಲ... ನಾನೇ ಬಂಡೆಗೆ ಹೊಡೆದೆ. ಭಯಕ್ಕೆ ಸುಳ್ಳು ಹೇಳ್ಬುಟ್ಟೆ."

"ಗೊತ್ತಿತ್ತು," ಅಂದ ಅವನು. "ಹಗ್ಗ ಕಟ್ಟೋವಾಗ್ಲೇ ಫ್ಯಾನಿನ ಮುಕ್ಕು ನೋಡ್ದೆ."

"ಗೊತ್ತಿದ್ದೂ ಸುಮ್ನಿದ್ರಾ? ನನ್ನ ಕಂಡ್ರೆ ಅಸಹ್ಯ ಆಗಿ ತಲೆ ತಗ್ಗಿಸಿದ್ರಿ, ಅಲ್ವಾ?"

ಅವನು ಬೆಚ್ಚಿದ. ಕೈಯಲ್ಲಿದ್ದ ಬಲೆ ಕೆಳಗಿಟ್ಟ. ಆಮೇಲೆ ಅವಳತ್ತ ನೋಡದೆ ಹೇಳತೊಡಗಿದ. ಆ ಬಂಡೆಯ ಮೇಲೆ ಗುರುತಿಗೆಂದು ಅವನೇ ಒಂದು ಪ್ಲಾಸ್ಟಿಕ್ ಕ್ಯಾನನ್ನು ತೇಲುವಂತೆ ಕಟ್ಟಿದ್ದನಂತೆ. ಶನಿವಾರ ಸಂಜೆ ಬಲೆಯನ್ನು ತೇಲಿಸುವ ಡಬ್ಬಿ ಸಾಲದೆ ಅದನ್ನೇ ಬಿಚ್ಚಿಕೊಂಡಿದ್ದ. ಬೆಳಿಗ್ಗೆ ಬೇಗ ಬಂದು ಮತ್ತೆ ಕಟ್ಟಿದರಾಯಿತು ಅಂದುಕೊಂಡವನು ಏಳುವಾಗಲೇ ಹೊತ್ತಾಗಿತ್ತು.

"ನೀವು ಬಲೆ ಅಂದಾಗ, ನಾನು ಬಲೆಗೆ ಅಂತ ಕ್ಯಾನು ಬಿಚ್ಚಿದ್ದು ನಿಮಗೆ ತಿಳಿದೈತೆ, ಅದ್ಕೇ ಹಂಗಂದ್ರಿ ಅಂದ್ಕಂಡೆ. ಬೋಟಲ್ಲಿ ಎರಡು ಮಕ್ಳಿದ್ರು ಮೇಡಮ್. ಏನಾರ ಆಗಿದ್ರೆ? ಮಾಡಿದ್ದಕ್ಕೆ ಸಿಕ್ತು ಅಂತ ಬಂದ್ಬುಟ್ಟೆ."

ಭಾನುಪ್ರಿಯ ಅಲ್ಲೇ ಏರಿಯ ಕಲ್ಲಿನ ಮೇಲೆ ಕುಸಿದು ಕೂತಳು. ಎರಡು ದಿನದಿಂದ ತಡೆದಿಟ್ಟಿದ್ದ ಅಳು ಒಮ್ಮೆಲೇ ಬಂತು. ಅವನು ಸಮಾಧಾನ ಮಾಡಲು ಬರದೆ, ಹೋಗಲೂ ಮನಸ್ಸಾಗದೆ, ಒಂದು ಮಾರು ದೂರದಲ್ಲಿ ಸುಮ್ಮನೆ ಕೂತ. ಅವಳಿಗೆ ಆ ಒಂದು ಮಾರಿನ ಮರ್ಯಾದೆ ಯಾವ ಸಾಂತ್ವನಕ್ಕಿಂತಲೂ ಹೆಚ್ಚೆನಿಸಿತು.

ಬುಧವಾರ ಬೆಳಿಗ್ಗೆ ಅನಂತರಾಜು ಮತ್ತು ಎಲ್ಲ ಡ್ರೈವರುಗಳ ಮುಂದೆ ಅವಳು ನಿಜ ಹೇಳಿದಳು. ಒಂದು ಮಾತನ್ನೂ ಬಿಡಲಿಲ್ಲ. ಹಿಂದಿನಿಂದ ಯಾರೋ ಕಿಸಕ್ಕೆಂದು ನಕ್ಕರು. ಅವಳು ಹೇಳಿ ಮುಗಿಸುವಷ್ಟರಲ್ಲಿ ಗೇಟಿನ ಬಳಿ ನಿಂತಿದ್ದ ಮುನಿಕೃಷ್ಣ ಒಳಗೆ ಬಂದ. ಕರೆಯದೇ ಬಂದವನು ತನ್ನ ಕ್ಯಾನಿನ ಕಥೆಯನ್ನೂ ಹೇಳಿಬಿಟ್ಟ.

ಅನಂತರಾಜು ಇಬ್ಬರನ್ನೂ ಒಂದೇ ಉಸಿರಿಗೆ ಬೈದರು. ಬೈದು ಸುಸ್ತಾದ ಮೇಲೆ ತೀರ್ಮಾನ ಹೇಳಿದರು. ಭಾನು ಒಂದು ತಿಂಗಳು ಬೋಟು ಮುಟ್ಟಕೂಡದು, ಟಿಕೆಟ್ ಕೌಂಟರಿನಲ್ಲಿ ಕೂರಬೇಕು. ಮುನಿಕೃಷ್ಣ ಎಂದಿನಂತೆ ದಡಕ್ಕೆ ಬರಬಹುದು, ಆದರೆ ನೀರಿನಡಿಯ ಬಂಡೆಗಳಿಗೆಲ್ಲ ಸರಿಯಾದ ಗುರುತು ಕಟ್ಟಿಕೊಡಬೇಕು.

ಅವ್ವನಿಗೂ ಅವತ್ತೇ ಹೇಳಿದಳು. ಬೈರಮ್ಮ ಮಗಳ ಮುಖ ನೋಡದೆ ಎರಡು ದಿನ ಅಡುಗೆ ಮಾಡಿದಳು. ಮೂರನೆಯ ದಿನ, ಒಳ್ಳೆ ಸುದ್ದೀನ ಹಂಚಿದ ಬಾಯಿಂದಲೇ ಇದನ್ನೂ ಹೇಳಬೇಕಲ್ಲ ಎಂದು ಪಕ್ಕದ ಮನೆಗೆ ತಾನೇ ಹೋಗಿ ಬಂದಳು.

ಕೌಂಟರಿನ ಕಿಂಡಿಯ ಹಿಂದೆ ದಿನಗಳು ಮೆಲ್ಲಗೆ ಸರಿದವು. ಹೊರಗೆ ಬೋಟುಗಳ ಸದ್ದು ಕೇಳಿದಾಗಲೆಲ್ಲ ನಾಚಿಕೆ ಹೊಸದಾಗಿ ಚುಚ್ಚುತ್ತಿತ್ತು. ಆದರೆ ದಿನಾ ಬೆಳಿಗ್ಗೆ, ಕೇಂದ್ರ ತೆರೆಯುವ ಮೊದಲು, ಅವಳು ಮುನಿಕೃಷ್ಣನ ತೆಪ್ಪದಲ್ಲಿ ಕೂರುತ್ತಿದ್ದಳು. ಗುರುತು ಕಟ್ಟಲು ಹಗ್ಗ ಹಿಡಿಯುವವರು ಬೇಕು ಎಂದು ಅನಂತರಾಜುವಿನ ಹತ್ತಿರ ತಾನೇ ಕೇಳಿಕೊಂಡಿದ್ದಳು. ಎಲ್ಲಿ ಆಳ, ಎಲ್ಲಿ ಬಂಡೆ, ಗಾಳಿ ಬೀಸಿದಾಗ ನೀರಿನ ಬಣ್ಣ ಎಲ್ಲಿ ಬದಲಾಗುತ್ತದೆ... ಅವನು ಕಡಿಮೆ ಮಾತಿನಲ್ಲಿ ತೋರಿಸುತ್ತಿದ್ದ. ಫ್ಯಾನು ಬಿಚ್ಚಿ ಕೂರಿಸುವುದನ್ನು ಅವನು ಕೇಳಿದರೆ, ಇವಳು ಕೈಯಾಡಿಸಿ ಹೇಳಿಕೊಡುತ್ತಿದ್ದಳು. ಯಾವಾಗಿನಿಂದ ಅವನು ಮೇಡಮ್ ಎನ್ನುವುದನ್ನು ಬಿಟ್ಟನೋ ಇಬ್ಬರಿಗೂ ನೆನಪಿಲ್ಲ.

ತಿಂಗಳ ಕೊನೆಯ ದಿನ. ಮಾರನೆಯ ಬೆಳಿಗ್ಗೆ ಅವಳು ಮತ್ತೆ ಬೋಟು ಹತ್ತಬೇಕು. ಕಡೆಯ ಗುರುತು ಕಟ್ಟಿಯಾಗಿತ್ತು. ಆದರೂ ಮುನಿಕೃಷ್ಣ ತೆಪ್ಪವನ್ನು ದಡಕ್ಕೆ ತಿರುಗಿಸಲಿಲ್ಲ.

"ನಾಳಿಂದ ನಿಮಗೆ ಈ ತೆಪ್ಪ ಬೇಕಾಗಕ್ಕಿಲ್ಲ," ಅಂದ.

ಅವಳು ಉಳಿದ ಹಗ್ಗವನ್ನು ಸುತ್ತತೊಡಗಿದಳು.

"ಅವತ್ತು ನೀವು ಆಚೆ ದಡಕ್ಕೆ ನಡ್ಕಂಡು ಬಂದ್ರಲ್ಲ... ಅವತ್ತಿಂದ ಮನಸಲ್ಲಿ ಒಂದು ಮಾತೈತೆ. ನಮ್ಮವ್ವನ ನಿಮ್ಮನೆಗೆ ಕಳಿಸ್ಲಾ?"

ಭಾನುಪ್ರಿಯ ಇಷ್ಟು ದಿನ ಕಾದಿದ್ದ ಮಾತೇ ಅದು. ಆದರೂ ತಲೆ ಏಳಲಿಲ್ಲ.

"ಸುಳ್ಳು ಹೇಳಿ ನಿಮ್ಮ ದಾರಿ ಮುಚ್ಚಿದವಳು ನಾನು. ನಿಮ್ಮ ಮುಖ ನೋಡಿದ್ರೆ ನಂಗಿನ್ನೂ ನಾಚ್ಕೆ ಆಗ್ತದೆ..."

"ಹಂಗಾದ್ರೆ ನೀರು ನೋಡ್ಕಂಡೇ ಹೇಳಿ. ನಾನೂ ಆ ಕಡೆ ತಿರುಗ್ತೀನಿ."

ಅವನು ನಿಜವಾಗಿಯೂ ಬೆನ್ನು ತಿರುಗಿಸಿ ಕೂತ. ತೆಪ್ಪ ಮೆಲ್ಲಗೆ ಒಂದು ಸುತ್ತು ಹಾಕಿತು. ಅವಳು ನೀರು ನೋಡುತ್ತಾ, ತನಗೇ ಕೇಳಿಸದಷ್ಟು ಮೆಲ್ಲಗೆ ಹೇಳಿದಳು.

"ಕಳಿಸಿ."

"ಕೇಳಿಸ್ನಿಲ್ಲ."

ಭಾನುಪ್ರಿಯ ಮುಂದೆ ಬಾಗಿ, ಅವನ ಭುಜ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಅವನ ಕಣ್ಣನ್ನು ನೇರವಾಗಿ ನೋಡಿದಳು.

"ಕಳಿಸಿ ಅಂದೆ. ಜೊತೇಲಿ ನೀವೂ ಬನ್ನಿ."